ಕುತ್ತಿಗೆಯ ಡಿಸ್ಟೋನಿಯ

ಕುತ್ತಿಗೆಯ ಸ್ನಾಯುಗಳು ವ್ಯಕ್ತಿಯ ಇಚ್ಛೆಯನ್ನು ಮೀರಿ ಬಿಗಿದುಕೊಂಡು ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸುವ, ಓರೆ ಮಾಡುವ, ಮುಂದಕ್ಕೆ ಬಗ್ಗಿಸುವ ಇಲ್ಲವೇ ಹಿಂದಕ್ಕೆ ಎಳೆಯುವ ನರರೋಗ. ವೈದ್ಯರು ಸರ್ವೈಕಲ್ ಡಿಸ್ಟೋನಿಯ ಎಂದು ಕರೆಯುವ ಇದಕ್ಕೆ ಸ್ಪಾಸ್ಮೋಡಿಕ್ ಟಾರ್ಟಿಕೋಲಿಸ್ ಎಂಬ ಹಳೆಯ ಹೆಸರೂ ಬಳಕೆಯಲ್ಲಿ ಉಳಿದಿದೆ. ಪಾರ್ಕಿನ್ಸನ್ ಕಾಯಿಲೆ, ಕೊರಿಯ, ನಡುಕಗಳಂತೆ ಇದೂ ಚಲನೆಯ ಅಸ್ವಸ್ಥತೆಗಳ ಗುಂಪಿಗೆ ಸೇರಿದ್ದು. ಎಳೆತ ಕಾಣುವುದು ಕುತ್ತಿಗೆಯಲ್ಲಾದರೂ ದೋಷವಿರುವುದು ಮಿದುಳಿನಲ್ಲಿ. ಕತ್ತಿನ ಮೂಳೆ, ಸ್ನಾಯು, ಅಲ್ಲಿಗೆ ಬರುವ ನರಗಳೆಲ್ಲ ಮೊದಮೊದಲು ಆರೋಗ್ಯವಾಗಿಯೇ ಇರುತ್ತವೆ. ಈ ಒಂದು ಸಂಗತಿ ತಿಳಿಯದ ಕಾರಣ ಎಷ್ಟೋ ರೋಗಿಗಳು ಮೂಳೆಯ ತಜ್ಞರಿಂದ ಮಾಲೀಸಿನವರ ಬಳಿಗೆ, ಅಲ್ಲಿಂದ ಮನೋವೈದ್ಯರ ಬಳಿಗೆ ಅಲೆಯುತ್ತಾರೆ. ಸರಿಯಾದ ಹೆಸರು ಸಿಗಲು ವರ್ಷಗಳೇ ಹಿಡಿಯುವುದುಂಟು. ಹೆಸರು ಸಿಕ್ಕ ಮೇಲೆ ಪರಿಣಾಮಕಾರಿ ಚಿಕಿತ್ಸೆ ಇದೆ ಎಂಬುದರಿಂದ ಈ ವಿಳಂಬ ಇನ್ನಷ್ಟು ನೋವಿನ ವಿಷಯ.

ಸ್ನಾಯುಗಳು ಸತತವಾಗಿ ಅಥವಾ ಬಿಟ್ಟು ಬಿಟ್ಟು ಸಂಕುಚಿಸುತ್ತ, ಅಸಹಜವಾದ, ಹೆಚ್ಚಾಗಿ ಮರುಕಳಿಸುವ ಚಲನೆಯನ್ನೋ ಭಂಗಿಯನ್ನೋ ಉಂಟುಮಾಡುವುದೇ ಡಿಸ್ಟೋನಿಯ ಎಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಒಪ್ಪಿತ ವ್ಯಾಖ್ಯೆ ನೀಡಿತು. ಅದು ಇಡೀ ಮೈಯನ್ನು ಆವರಿಸಬಹುದು. ಒಂದೇ ಭಾಗಕ್ಕೆ ಸೀಮಿತವಾಗಿಯೂ ಇರಬಹುದು. ಕಣ್ಣುರೆಪ್ಪೆಗಳು ತಾವಾಗಿ ಬಿಗಿದು ಮುಚ್ಚಿಕೊಳ್ಳುವುದು, ಬರೆಯಲು ಕುಳಿತಾಗ ಮಾತ್ರ ಬೆರಳು ತಿರುಚಿಕೊಳ್ಳುವುದು, ಮಾತಿನ ನಡುವೆ ಗಂಟಲು ಬಿಗಿದು ದನಿ ಒಡೆಯುವುದು, ಇವೆಲ್ಲ ಒಂದೇ ಭಾಗದ ಡಿಸ್ಟೋನಿಯಗಳು. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಈ ಬಗೆಗಳಲ್ಲೆಲ್ಲ ಹೆಚ್ಚು ಕಾಣುವುದು ಕುತ್ತಿಗೆಯದು. ಯುರೋಪಿನ ಎಂಟು ದೇಶಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 10 ಲಕ್ಷ ಜನರಿಗೆ 57 ಮಂದಿಯಂತೆ ಕುತ್ತಿಗೆಯ ಡಿಸ್ಟೋನಿಯ ದಾಖಲಾಯಿತು. ಅದು ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ನಿಜವಾದ ಸಂಖ್ಯೆ ಅದಕ್ಕಿಂತ ದೊಡ್ಡದೆಂದೇ ತಿಳಿಯಬೇಕು. ಕೋಲ್ಕತ್ತದಲ್ಲಿ ಮನೆಮನೆಗೆ ಹೋಗಿ ನಡೆಸಿ 2007ರಲ್ಲಿ ಪ್ರಕಟಿಸಿದ ಸಮೀಕ್ಷೆ, ಎಲ್ಲ ಬಗೆಯ ಪ್ರಾಥಮಿಕ ಡಿಸ್ಟೋನಿಯಗಳನ್ನೂ ಸೇರಿಸಿ, ಲಕ್ಷಕ್ಕೆ ಸುಮಾರು 44 ಮಂದಿಯನ್ನು ಗುರುತಿಸಿತು. ಹುಡುಕಿಕೊಂಡು ಹೋದಲ್ಲಿ ರೋಗಿಗಳು ಸಿಗುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ರೋಗ ಸಾಮಾನ್ಯವಾಗಿ ತಲೆದೋರುವುದು 40ರಿಂದ 60ರ ನಡುವಿನ ವಯಸ್ಸಿನಲ್ಲಿ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಆರಂಭ ಎಷ್ಟು ಮೆಲ್ಲಗೆಂದರೆ ಅದು ಎಂದು ಶುರುವಾಯಿತೆಂದು ಹೇಳಲು ರೋಗಿಗೇ ಆಗುವುದಿಲ್ಲ. ಕತ್ತು ಉಳುಕಿದೆ, ದಿಂಬು ಸರಿಯಿಲ್ಲದೆ ಮಲಗಿದ್ದಕ್ಕೆ ಹಿಡಿದುಕೊಂಡಿದೆ ಎಂದುಕೊಂಡು ಎಣ್ಣೆ ಹಚ್ಚಿ ಶಾಖ ಕೊಟ್ಟುಕೊಳ್ಳುತ್ತಾರೆ. ನಿಜವಾದ ಉಳುಕು ನಾಲ್ಕಾರು ದಿನಗಳಲ್ಲಿ ಇಳಿಯುತ್ತದೆ, ಇದು ಇಳಿಯುವುದಿಲ್ಲ. ಫೋಟೊ ತೆಗೆಸಿಕೊಳ್ಳುವಾಗ ತಲೆ ನೇರ ಮಾಡಿ ಎಂದು ಯಾರೋ ಹೇಳುತ್ತಾರೆ, ನೇರವಾಗಿಯೇ ಇದೆ ಎಂದು ರೋಗಿಗೆ ಅನ್ನಿಸುತ್ತಿರುತ್ತದೆ. ಊಟಕ್ಕೆ ಕುಳಿತಾಗ, ಓದುವಾಗ, ರಸ್ತೆ ದಾಟುವಾಗ ತಲೆ ತನ್ನಷ್ಟಕ್ಕೆ ಒಂದೇ ದಿಕ್ಕಿಗೆ ಸರಿಯುತ್ತಿದೆ ಎಂಬುದು ಬರಬರುತ್ತ ಸ್ಪಷ್ಟವಾಗುತ್ತದೆ. ಮೊದಲ ಕೆಲವು ವರ್ಷಗಳಲ್ಲಿ ಏರುತ್ತ ಹೋಗುವ ರೋಗ ಆಮೇಲೆ ಒಂದು ಮಟ್ಟದಲ್ಲಿ ನಿಲ್ಲುವುದು ರೂಢಿ.

ಎಳೆತದ ದಿಕ್ಕಿಗೆ ತಕ್ಕಂತೆ ನಾಲ್ಕು ಮೂಲ ಭಂಗಿಗಳನ್ನು ಗುರುತಿಸುತ್ತಾರೆ. ಗದ್ದ ಒಂದು ಭುಜದತ್ತ ತಿರುಗಿದರೆ ಅದು ಟಾರ್ಟಿಕೋಲಿಸ್. ಕಿವಿ ಭುಜದತ್ತ ವಾಲಿದರೆ ಲ್ಯಾಟರೊಕೋಲಿಸ್. ಗದ್ದ ಎದೆಯತ್ತ ಬಗ್ಗಿದರೆ ಆಂಟಿರೊಕೋಲಿಸ್. ಮುಖ ಮೇಲಕ್ಕೆದ್ದು ತಲೆ ಬೆನ್ನಿನತ್ತ ಸೆಳೆದರೆ ರೆಟ್ರೊಕೋಲಿಸ್. ಇವು ಬಿಡಿಯಾಗಿ ಕಾಣುವುದು ಕಡಿಮೆ. ತಿರುಗುವುದು, ವಾಲುವುದು, ಭುಜ ಮೇಲೇಳುವುದು ಒಟ್ಟಿಗೆ ಬೆರೆತಿರುವವರೇ ಹೆಚ್ಚು. ಬಾಗು ತಲೆ ಮತ್ತು ಕತ್ತಿನ ಸಂಧಿಯಲ್ಲಿದೆಯೋ, ಅದಕ್ಕಿಂತ ಕೆಳಗೆ ಕತ್ತಿನ ಕಶೇರುಗಳ ಮಟ್ಟದಲ್ಲಿದೆಯೋ ಎಂದು ಇತ್ತೀಚಿನ ವರ್ಗೀಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಿಡಿಸುತ್ತದೆ. ಯಾವ ಸ್ನಾಯುವಿಗೆ ಚುಚ್ಚುಮದ್ದು ಕೊಡಬೇಕು ಎಂಬುದು ಇದನ್ನೇ ಅವಲಂಬಿಸಿದೆ. ಕಿವಿಯ ಹಿಂದಿನ ಮೂಳೆಯಿಂದ ಎದೆಯ ಮೂಳೆಗೆ ಇಳಿಯುವ ಸ್ಟರ್ನೊಕ್ಲೈಡೊಮ್ಯಾಸ್ಟಾಯಿಡ್ ಸ್ನಾಯು ಮುಖವನ್ನು ತನ್ನ ಎದುರು ದಿಕ್ಕಿಗೆ ತಿರುಗಿಸುತ್ತದೆ. ಕತ್ತಿನ ಹಿಂಬದಿಯ ಸ್ಪ್ಲೀನಿಯಸ್ ತನ್ನದೇ ದಿಕ್ಕಿಗೆ ತಿರುಗಿಸುತ್ತದೆ. ಹೀಗಾಗಿ ತಲೆ ಬಲಕ್ಕೆ ತಿರುಗಿಕೊಂಡವರಲ್ಲಿ ಎಡಗಡೆಯ ಸ್ಟರ್ನೊಕ್ಲೈಡೊಮ್ಯಾಸ್ಟಾಯಿಡ್ ಮತ್ತು ಬಲಗಡೆಯ ಸ್ಪ್ಲೀನಿಯಸ್ ಜೊತೆಗೂಡಿ ದುಡಿಯುತ್ತಿರುತ್ತವೆ. ವರ್ಷಗಟ್ಟಲೆ ಹೀಗೆ ದುಡಿದ ಸ್ನಾಯು ದಪ್ಪವಾಗಿ ಹಗ್ಗದಂತೆ ಎದ್ದು ಕಾಣುತ್ತದೆ. ಟ್ರಪೀಜಿಯಸ್, ಲಿವೇಟರ್ ಸ್ಕ್ಯಾಪುಲೆ, ಸ್ಕೇಲಿನ್ ಮೊದಲಾದವು ಕೂಡ ಹಲವರಲ್ಲಿ ಭಾಗಿಯಾಗುತ್ತವೆ.

ಭಂಗಿಯ ಜೊತೆಗೆ ನಡುಕವೂ ಸೇರಿಕೊಳ್ಳಬಹುದು. ಬೇಡ ಬೇಡ ಎನ್ನುವಂತೆ ತಲೆ ಅಡ್ಡಡ್ಡ ಅಲ್ಲಾಡುತ್ತದೆ, ಆದರೆ ಲಯ ಒಂದೇ ಸಮನಿರುವುದಿಲ್ಲ. ತಲೆಯನ್ನು ಎಳೆತದ ದಿಕ್ಕಿಗೇ ಬಿಟ್ಟುಕೊಟ್ಟರೆ ನಡುಕ ನಿಂತುಹೋಗುವ ಒಂದು ಬಿಂದು ಇರುತ್ತದೆ. ಎಳೆತಕ್ಕೆ ವಿರುದ್ಧವಾಗಿ ತಲೆ ಹಿಡಿದಷ್ಟೂ ನಡುಕ ಜೋರಾಗುತ್ತದೆ. ಡಿಸ್ಟೋನಿಯದ ನಡುಕವನ್ನು ಬೇರೆ ಬಗೆಯ ನಡುಕಗಳಿಂದ ಬಿಡಿಸಿ ನೋಡಲು ವೈದ್ಯರಿಗೆ ಇದು ದೊಡ್ಡ ಸುಳಿವು. ಇತರ ಭಾಗಗಳ ಡಿಸ್ಟೋನಿಯಗಳಿಗಿಂತ ಕುತ್ತಿಗೆಯದು ಬೇರೆಯಾಗಿ ಕಾಣುವುದು ನೋವಿನಲ್ಲಿ. ಮೂವರಲ್ಲಿ ಇಬ್ಬರಿಗಿಂತ ಹೆಚ್ಚು ರೋಗಿಗಳಿಗೆ ಕತ್ತು, ಭುಜ, ತಲೆಯ ಹಿಂಭಾಗಗಳಲ್ಲಿ ನೋವಿರುತ್ತದೆ. ಹಲವರಿಗೆ ಸೊಟ್ಟ ಕತ್ತಿಗಿಂತ ಈ ನೋವೇ ಕೆಲಸ ಬಿಡಿಸುವಷ್ಟು ದೊಡ್ಡದು. ನಡೆಯುವಾಗ, ದಣಿದಾಗ, ನಾಲ್ಕು ಜನರ ಎದುರು ನಿಂತಾಗ ಎಳೆತ ಹೆಚ್ಚುತ್ತದೆ. ಬೆನ್ನ ಮೇಲೆ ಮಲಗಿದರೆ ತಗ್ಗುತ್ತದೆ, ನಿದ್ದೆಯಲ್ಲಿ ಬಹುಮಟ್ಟಿಗೆ ಮಾಯವಾಗುತ್ತದೆ. ಎದ್ದ ಮೇಲೆ ಸ್ವಲ್ಪ ಹೊತ್ತು ಕತ್ತು ನೇರವಾಗಿರುವ ರೋಗಿಗಳೂ ಇದ್ದಾರೆ. ದಿನದ ಕಷ್ಟದ ಕೆಲಸಗಳನ್ನು ಅವರು ಆ ಹೊತ್ತಿಗೇ ಇಟ್ಟುಕೊಳ್ಳುತ್ತಾರೆ.

ಈ ರೋಗದ ಅತ್ಯಂತ ವಿಸ್ಮಯಕರ ಲಕ್ಷಣವೆಂದರೆ ಸ್ಪರ್ಶಕ್ಕೆ ಅದು ಮಣಿಯುವ ರೀತಿ. ಎರಡೂ ಕೈಗಳಿಂದ ಬಲವಾಗಿ ತಳ್ಳಿದರೂ ತಿರುಗದ ತಲೆ, ಕೆನ್ನೆಗೋ ಗದ್ದಕ್ಕೋ ಒಂದು ಬೆರಳನ್ನು ಹಗುರವಾಗಿ ತಾಗಿಸಿದೊಡನೆ ನೇರವಾಗುತ್ತದೆ. ಒಬ್ಬರಿಗೆ ತಲೆಯ ಹಿಂಬದಿಯನ್ನು ಕುರ್ಚಿಗೆ ಆನಿಸಿದರೆ ಸಾಕು, ಇನ್ನೊಬ್ಬರಿಗೆ ಸೆರಗನ್ನೋ ಶಾಲನ್ನೋ ಕತ್ತಿಗೆ ಸುತ್ತಿಕೊಂಡರೆ ಹಾಯೆನಿಸುತ್ತದೆ. ಇದು ಬಲಪ್ರಯೋಗವಲ್ಲ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಸ್ಪರ್ಶದ ಜಾಗವನ್ನು ನೋಡಬೇಕು: ತಲೆ ಬಲಕ್ಕೆ ಎಳೆಯುತ್ತಿರುವಾಗ ಎಡಗೆನ್ನೆಯನ್ನು ಮುಟ್ಟಿಕೊಂಡು ಗುಣ ಕಾಣುವವರಿದ್ದಾರೆ, ಅಲ್ಲಿಂದ ತಳ್ಳಿದರೆ ತಲೆ ಇನ್ನಷ್ಟು ಬಲಕ್ಕೇ ಹೋಗಬೇಕಿತ್ತು. ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದಾಗ, ಬೆರಳು ಮುಖ ಮುಟ್ಟುವ ಮೊದಲೇ, ಕೈ ಮೇಲೇಳುತ್ತಿರುವಾಗಲೇ ಸಂಕೋಚನ ಇಳಿಯತೊಡಗುವುದು ಕೆಲವರಲ್ಲಿ ಕಂಡಿದೆ. ಮುಟ್ಟಿಕೊಂಡಂತೆ ಕಲ್ಪಿಸಿಕೊಂಡರೂ ಸಾಕಾಗುವವರಿದ್ದಾರೆ. ರೋಗಿಗಳ ಪೈಕಿ ಬಹುಪಾಲು ಮಂದಿ ಇಂಥ ಒಂದು ಉಪಾಯವನ್ನು ಯಾರೂ ಹೇಳಿಕೊಡದೆ ತಾವೇ ಕಂಡುಕೊಂಡಿರುತ್ತಾರೆ. ರೋಗ ಹಳೆಯದಾದಂತೆ ಅದರ ಶಕ್ತಿ ಕುಂದುವುದೂ ಉಂಟು. ವೈದ್ಯಕೀಯದಲ್ಲಿ ಇದನ್ನು ಸೆನ್ಸರಿ ಟ್ರಿಕ್, ಫ್ರೆಂಚ್ ಬಳಕೆಯಲ್ಲಿ ಜೆಸ್ಟ್ ಆಂಟಗೊನಿಸ್ಟ್ ಎನ್ನುತ್ತಾರೆ.

ಇದೇ ಲಕ್ಷಣ ಹಿಂದೆ ರೋಗಿಗಳಿಗೆ ಮುಳುವಾಯಿತು. ಒಂದು ಬೆರಳಿನಿಂದ ಸರಿಹೋಗುವ ಕಾಯಿಲೆ ನಿಜವಾದ ಕಾಯಿಲೆಯಾಗಿರಲು ಸಾಧ್ಯವೇ ಎಂಬ ಪ್ರಶ್ನೆ ಎತ್ತಿ, 1890ರ ದಶಕದಲ್ಲಿ ಪ್ಯಾರಿಸಿನ ನರವೈದ್ಯ ಎಡುವಾರ್ ಬ್ರಿಸೊ ಇದನ್ನು ಮಾನಸಿಕ ಟಾರ್ಟಿಕೋಲಿಸ್ ಎಂದು ವರ್ಣಿಸಿದ. ಅವನ ಶಿಷ್ಯ ಆನ್ರಿ ಮೇಜ್, ಫೈಂಡೆಲ್ ಎಂಬ ವೈದ್ಯನ ಜೊತೆ ಸೇರಿ 1902ರಲ್ಲಿ ಪ್ರಕಟಿಸಿದ ಟಿಕ್‌ಗಳ ಕುರಿತ ಗ್ರಂಥ ಈ ನಿಲುವನ್ನು ಇನ್ನಷ್ಟು ಗಟ್ಟಿ ಮಾಡಿತು. ಸಂಕಲ್ಪಶಕ್ತಿಯ ದೌರ್ಬಲ್ಯ, ಮಗುವಿನಂಥ ಮನಸ್ಸು ಎಂಬ ಆರೋಪಗಳು ರೋಗಿಗಳ ಹೆಗಲೇರಿದವು. ಬರ್ಲಿನ್ನಿನ ಹರ್ಮನ್ ಆಪನ್‌ಹೈಮ್ 1911ರಲ್ಲಿ ಮಕ್ಕಳ ಮೈಯೆಲ್ಲ ತಿರುಚಿಕೊಳ್ಳುವ ರೋಗವನ್ನು ವಿವರಿಸಿ, ಡಿಸ್ಟೋನಿಯ ಎಂಬ ಹೆಸರನ್ನು ಮೊದಲ ಬಾರಿಗೆ ಬಳಸಿದಾಗ ಅದು ದೇಹದ ರೋಗವೆಂದೇ ವಾದಿಸಿದ್ದ. ಆದರೆ ದೊಡ್ಡವರ ಕುತ್ತಿಗೆಯ ಎಳೆತಕ್ಕೂ ಅದಕ್ಕೂ ನಂಟಿದೆ ಎಂಬುದು ಒಪ್ಪಿಗೆ ಪಡೆಯಲು ಮತ್ತೆ ಆರು ದಶಕಗಳೇ ಬೇಕಾದವು. ಆ ನಡುವಿನ ಕಾಲದಲ್ಲಿ ಮನೋವಿಶ್ಲೇಷಣೆ ಪ್ರಬಲವಾಗಿತ್ತು. ರೋಗಿ ತನಗೆ ಬೇಡವಾದುದರಿಂದ ಮುಖ ತಿರುಗಿಸಿಕೊಳ್ಳುತ್ತಿದ್ದಾನೆ ಎಂಬಂಥ ವ್ಯಾಖ್ಯಾನಗಳು ಗಂಭೀರವಾಗಿಯೇ ನಡೆದವು. ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿದರೂ ಕಣ್ಣಿಗೆ ಬೀಳುವ ಹಾನಿ ಇಲ್ಲದಿರುವುದು ಆ ವಾದಕ್ಕೆ ಬೆಂಬಲವಾಗಿ ಒದಗಿತು.

ಈ ಸ್ಥಿತಿಯನ್ನು ತಿರುಗಿಸಿದವರಲ್ಲಿ ಲಂಡನ್ನಿನ ಡೇವಿಡ್ ಮಾರ್ಸ್‌ಡನ್ ಮುಖ್ಯರು. 1976ರ ಬರಹಗಳಲ್ಲಿ ಅವರು ಕಣ್ಣುರೆಪ್ಪೆ, ದವಡೆ, ಕುತ್ತಿಗೆ, ಬರೆಯುವ ಕೈ ಇವುಗಳ ಎಳೆತಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು, ಇವೆಲ್ಲ ಮೈಯೆಲ್ಲ ಆವರಿಸುವ ಡಿಸ್ಟೋನಿಯದ ತುಣುಕುಗಳೇ ಎಂದು ತೋರಿಸಿದರು. ಒಬ್ಬನೇ ರೋಗಿಯಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ರೋಗ ಹಬ್ಬುವುದು, ಒಂದೇ ಕುಟುಂಬದಲ್ಲಿ ಬೇರೆ ಬೇರೆ ಭಾಗಗಳ ಡಿಸ್ಟೋನಿಯ ಕಾಣುವುದು, ಮಾನಸಿಕ ರೋಗಗಳ ಪ್ರಮಾಣ ಇವರಲ್ಲಿ ಆರಂಭಕ್ಕೆ ಮುನ್ನ ಅಸಾಧಾರಣವಾಗಿ ಹೆಚ್ಚಿಲ್ಲದಿರುವುದು ಆ ವಾದಕ್ಕೆ ಆಧಾರವಾದವು. ಬೆರಳಿನ ಸ್ಪರ್ಶಕ್ಕೆ ತಲೆ ಮಣಿಯುವುದು ಅಂದಿನಿಂದ ಸೋಗಿನ ಗುರುತಾಗಿ ಉಳಿಯಲಿಲ್ಲ. ಇಂದು ಆ ಲಕ್ಷಣ ಕಂಡರೆ ಡಿಸ್ಟೋನಿಯ ಎಂಬ ನಿರ್ಣಯ ಬಲಗೊಳ್ಳುತ್ತದೆ.

ಚಲನೆಯನ್ನು ರೂಪಿಸುವಾಗ ಮಿದುಳು ಬೇಕಾದ ಸ್ನಾಯುವಿಗೆ ಆಜ್ಞೆ ಕಳುಹಿಸುವಷ್ಟೇ ಎಚ್ಚರದಿಂದ ಬೇಡವಾದ ಸ್ನಾಯುವನ್ನು ತಡೆಹಿಡಿಯಬೇಕು. ಡಿಸ್ಟೋನಿಯದಲ್ಲಿ ಸಡಿಲವಾಗುವುದು ಈ ತಡೆ. ಎದುರು ಬದುರಾದ ಸ್ನಾಯುಗಳು, ಜೋಡಿ ಎತ್ತುಗಳನ್ನು ಒಂದೇ ಹೊತ್ತಿಗೆ ಎಡಕ್ಕೂ ಬಲಕ್ಕೂ ಅಟ್ಟಿದಂತೆ, ಒಟ್ಟಿಗೆ ಸಂಕುಚಿಸುತ್ತವೆ. ತಲೆಯನ್ನು ನೇರ ಹಿಡಿಯುವುದೆಂದರೆ ಕಣ್ಣು, ಒಳಗಿವಿಯ ಸಮತೋಲನ ಅಂಗ, ಕತ್ತಿನ ಸ್ನಾಯುಗಳ ಒಳಗಿನ ಸಂವೇದಕಗಳು ಕಳುಹಿಸುವ ಸುದ್ದಿಗಳನ್ನೆಲ್ಲ ಕೂಡಿಸಿ ನಡುಗೆರೆ ಎಲ್ಲಿದೆ ಎಂದು ಮಿದುಳು ಕ್ಷಣಕ್ಷಣಕ್ಕೂ ನಿರ್ಣಯಿಸುವ ಕೆಲಸ. ಆ ನಿರ್ಣಯವೇ ತಪ್ಪಿದರೆ ಓರೆಯಾದ ತಲೆ ರೋಗಿಗೆ ನೇರವೆನಿಸುತ್ತದೆ. ಚರ್ಮದ ಸ್ಪರ್ಶ ಹೊಸದೊಂದು ಸುದ್ದಿಯಾಗಿ ಬಂದು ಈ ಲೆಕ್ಕವನ್ನು ತಾತ್ಕಾಲಿಕವಾಗಿ ಸರಿಪಡಿಸುತ್ತದೆ ಎಂದು ಊಹಿಸಲಾಗಿದೆ.

ದೋಷದ ನೆಲೆ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯ ಎಂದು ಬಹುಕಾಲ ನಂಬಲಾಗಿತ್ತು. ಅದಕ್ಕೆ ಕಾರಣವೂ ಇತ್ತು: ಅಲ್ಲಿಯ ಪುಟಾಮೆನ್ ಭಾಗಕ್ಕೆ ಪಾರ್ಶ್ವವಾಯುವಿನಿಂದ ಪೆಟ್ಟಾದಾಗ ಡಿಸ್ಟೋನಿಯ ಬರುವುದುಂಟು. ಈಗಿನ ತಿಳಿವಳಿಕೆಯಂತೆ ಬೇಸಲ್ ಗ್ಯಾಂಗ್ಲಿಯ, ಥಲಾಮಸ್, ಕಿರುಮಿದುಳು, ಚಲನೆ ಮತ್ತು ಸ್ಪರ್ಶಕ್ಕೆ ಸಂಬಂಧಿಸಿದ ಹೊರಪದರಗಳು ಸೇರಿದ ಜಾಲವೇ ಹದ ತಪ್ಪಿರುತ್ತದೆ. ಮಿದುಳಿನ ಗಾಯಗಳಿಂದ ಕುತ್ತಿಗೆಯ ಡಿಸ್ಟೋನಿಯ ಬಂದವರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗಾಯಗಳು ಬೇರೆ ಬೇರೆ ಜಾಗದಲ್ಲಿದ್ದರೂ ಅವು ಕಿರುಮಿದುಳು ಮತ್ತು ಸ್ಪರ್ಶಸಂವೇದನೆಯ ಹೊರಪದರದೊಂದಿಗೆ ಸಂಪರ್ಕವಿರುವ ಜಾಗಗಳೇ ಎಂದು ತೋರಿಸಿತು. ಸ್ಪರ್ಶದ ಪಾತ್ರವನ್ನು ಕುರಿತು ರೋಗಿಗಳ ಬೆರಳು ಹೇಳುತ್ತಿದ್ದುದಕ್ಕೆ ಸ್ಕ್ಯಾನಿನ ಸಾಕ್ಷಿಯೂ ಹೀಗೆ ಸಿಕ್ಕಿದೆ.

ಹೆಚ್ಚಿನವರಲ್ಲಿ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ಹತ್ತಿರದ ಸಂಬಂಧಿಕರಲ್ಲಿ ಡಿಸ್ಟೋನಿಯವೋ ನಡುಕವೋ ಇರುವುದು ಕೆಲವರಲ್ಲಿ ಕಂಡುಬರುತ್ತದೆ. 1997ರಲ್ಲಿ ಪತ್ತೆಯಾದ ಟಾರ್1ಎ ಜೀನಿನ ದೋಷ ಮುಖ್ಯವಾಗಿ ಮಕ್ಕಳಲ್ಲಿ ಕಾಲಿನಿಂದ ಆರಂಭವಾಗಿ ಮೈಯೆಲ್ಲ ಹಬ್ಬುವ ಡಿಸ್ಟೋನಿಯಕ್ಕೆ ಕಾರಣ. ಟಿಎಚ್‌ಎಪಿ1, ಎಎನ್‌ಒ3, ಜಿಎನ್‌ಎಎಲ್ ಎಂಬ ಜೀನುಗಳ ದೋಷಗಳು ಕುತ್ತಿಗೆಯನ್ನು ಬಾಧಿಸಬಲ್ಲವು. ಆದರೆ ನಡುವಯಸ್ಸಿನಲ್ಲಿ ರೋಗ ಬಂದ ಬಹುಪಾಲು ಜನರಲ್ಲಿ ಇವು ಯಾವುವೂ ಇರುವುದಿಲ್ಲ. ದೋಷವಿರುವ ಜೀನು ಇದ್ದೂ ಆಜೀವ ರೋಗ ಕಾಣದವರಿದ್ದಾರೆ. ಆದ್ದರಿಂದ ಮಕ್ಕಳಿಗೆ ಬಂದೇ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಕಾರಣ ಸ್ಪಷ್ಟವಾಗಿರುವ ಬಗೆಗಳಲ್ಲಿ ಔಷಧಿಯಿಂದ ಬರುವುದನ್ನು ಎಲ್ಲರೂ ತಿಳಿದಿರಬೇಕು. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಮನೋರೋಗಗಳಿಗೆ ಕೊಡುವ ಹ್ಯಾಲೊಪೆರಿಡಾಲ್ ಮುಂತಾದವು ಮಿದುಳಿನಲ್ಲಿ ಡೋಪಮಿನ್ ಕೆಲಸವನ್ನು ತಡೆಯುತ್ತವೆ. ಇವನ್ನು ಸೇವಿಸಿದ ಕೆಲವೇ ಗಂಟೆ ಅಥವಾ ದಿನಗಳಲ್ಲಿ, ಅದರಲ್ಲೂ ಮಕ್ಕಳಲ್ಲಿ ಮತ್ತು ತರುಣರಲ್ಲಿ, ಕತ್ತು ಹಠಾತ್ತನೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡು, ನಾಲಗೆ ಹೊರಚಾಚಬಹುದು. ಮನೆಯವರು ಕಂಗಾಲಾಗುತ್ತಾರೆ, ಫಿಟ್ಸ್, ಧನುರ್ವಾಯು, ಹಿಸ್ಟೀರಿಯ ಎಂದು ವೈದ್ಯರೂ ತಪ್ಪು ತಿಳಿಯುವುದುಂಟು. ಹಿಂದಿನ ದಿನ ಯಾವ ಮಾತ್ರೆ ನುಂಗಿದ್ದರು ಎಂಬ ಒಂದು ಪ್ರಶ್ನೆ ಗುಟ್ಟು ಬಿಡಿಸುತ್ತದೆ, ಪ್ರೊಮೆಥಜಿನ್‌ನಂಥ ಒಂದು ಚುಚ್ಚುಮದ್ದು ಸ್ವಲ್ಪ ಹೊತ್ತಿನಲ್ಲೇ ಎಳೆತವನ್ನು ಇಳಿಸುತ್ತದೆ. ಇದೇ ಔಷಧಿಗಳನ್ನು ತಿಂಗಳು, ವರ್ಷಗಟ್ಟಲೆ ಸೇವಿಸಿದವರಲ್ಲಿ ತಡವಾಗಿ ಕಾಣಿಸಿಕೊಳ್ಳುವ ಟಾರ್ಡಿವ್ ಡಿಸ್ಟೋನಿಯ ಬೇರೆ. ಅದು ಅಷ್ಟು ಸುಲಭವಾಗಿ ಹೋಗುವಂಥದಲ್ಲ, ತಲೆ ಹಿಂದಕ್ಕೆ ಸೆಳೆಯುವುದು ಅದರಲ್ಲಿ ಹೆಚ್ಚು.

ಹದಿಹರೆಯದಲ್ಲಿ ಅಥವಾ ಅದಕ್ಕಿಂತ ಮೊದಲು ಡಿಸ್ಟೋನಿಯ ಕಂಡರೆ ವಿಲ್ಸನ್ ಕಾಯಿಲೆಯನ್ನು ತಳ್ಳಿಹಾಕದೆ ಬಿಡಬಾರದು. ಎಟಿಪಿ7ಬಿ ಜೀನಿನ ದೋಷದಿಂದ ದೇಹ ತಾಮ್ರವನ್ನು ಹೊರಹಾಕಲಾಗದೆ ಯಕೃತ್ತಿನಲ್ಲೂ ಮಿದುಳಿನಲ್ಲೂ ಅದು ಶೇಖರವಾಗುವ ಈ ರೋಗ ಬರುವುದು ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನು ದೊರೆತಾಗ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ವಾಡಿಕೆ ಕರ್ನಾಟಕವೂ ಸೇರಿ ದಕ್ಷಿಣ ಭಾರತದ ಹಲವೆಡೆ ಉಳಿದಿರುವುದರಿಂದ ಇಂಥ ರೋಗಗಳ ಸಂಭವ ಇಲ್ಲಿ ಹೆಚ್ಚು. ವಿಲ್ಸನ್ ಕಾಯಿಲೆಯ ರೋಗಿಗಳನ್ನು ದೊಡ್ಡ ಸಂಖ್ಯೆಯಲ್ಲಿ ದೀರ್ಘಕಾಲ ಗಮನಿಸಿ ದಾಖಲಿಸಿರುವ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಾಣುವ ಕಂದು ಉಂಗುರ ಮತ್ತು ರಕ್ತ, ಮೂತ್ರಗಳ ತಾಮ್ರದ ಪರೀಕ್ಷೆ ರೋಗವನ್ನು ಹೊರಗೆಡವುತ್ತವೆ. ಪೆನಿಸಿಲಮಿನ್, ಸತು ಮುಂತಾದವನ್ನು ಬೇಗ ಆರಂಭಿಸಿದರೆ ಮಗು ಉಳಿಯುತ್ತದೆ, ತಡವಾದರೆ ಆದ ಹಾನಿ ಹಿಂದಿರುಗದು. ಚಿಕ್ಕವರಲ್ಲಿ ಸಣ್ಣ ಪ್ರಮಾಣದ ಲೆವೊಡೋಪ ಕೊಟ್ಟು ನೋಡುವುದೂ ಇದೇ ಕಾರಣಕ್ಕೆ: ಡೋಪಕ್ಕೆ ಮಣಿಯುವ ಡಿಸ್ಟೋನಿಯ ಎಂಬ ವಿರಳ ಬಗೆಯಲ್ಲಿ ಆ ಒಂದು ಮಾತ್ರೆಯಿಂದ ರೋಗಿ ಸಹಜ ಬದುಕಿಗೆ ಮರಳುತ್ತಾನೆ.

ಸೊಟ್ಟಗಿರುವ ಕತ್ತೆಲ್ಲ ಡಿಸ್ಟೋನಿಯವಲ್ಲ. ಹಸುಗೂಸುಗಳಲ್ಲಿ ಸ್ಟರ್ನೊಕ್ಲೈಡೊಮ್ಯಾಸ್ಟಾಯಿಡ್ ಸ್ನಾಯು ನಾರುಗಟ್ಟಿ ಗಿಡ್ಡವಾಗಿರುವುದು ಬೇರೆಯೇ ಸ್ಥಿತಿ. ಬೇಗ ವ್ಯಾಯಾಮ ಆರಂಭಿಸಿದರೆ ಹೆಚ್ಚಿನ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಗಂಟಲಿನ ಸೋಂಕಿನ ಬೆನ್ನಿಗೆ ಮಗುವಿನ ಕತ್ತು ನೋವಿನಿಂದ ಓರೆಯಾದರೆ ಮೇಲಿನ ಎರಡು ಕಶೇರುಗಳು ಸರಿದಿವೆಯೇ ಎಂದು ತಡಮಾಡದೆ ನೋಡಬೇಕು. ಕಣ್ಣನ್ನು ಚಲಿಸುವ ನಾಲ್ಕನೆಯ ಕಪಾಲ ನರ ದುರ್ಬಲವಾದಾಗ ಒಂದು ವಸ್ತು ಎರಡಾಗಿ ಕಾಣದಿರಲೆಂದು ರೋಗಿ ತಲೆ ವಾಲಿಸುತ್ತಾನೆ. ಒಂದು ಕಣ್ಣು ಮುಚ್ಚಿದರೆ ಆ ವಾಲು ಕಡಿಮೆಯಾಗುವುದು ಅದರ ಗುರುತು. ಮಿದುಳಿನ ಹಿಂಭಾಗದ ಗಡ್ಡೆ, ಕತ್ತಿನ ಡಿಸ್ಕ್ ತೊಂದರೆ ಕೂಡ ತಲೆಯನ್ನು ಓರೆ ಮಾಡಬಲ್ಲವು. ಅಲೆಕ್ಸಾಂಡರನ ಕತ್ತು ತುಸು ಎಡಕ್ಕೆ ವಾಲಿತ್ತೆಂದು ಪ್ಲುಟಾರ್ಕ್ ಬರೆದಿದ್ದಾನೆ. ಅದು ಕಣ್ಣಿನ ದೋಷವೋ ಕತ್ತಿನದೋ ಎಂದು ವೈದ್ಯರು ಇಂದಿಗೂ ಚರ್ಚಿಸುತ್ತಾರೆ. ಆಯುರ್ವೇದ ಮನ್ಯಾಸ್ತಂಭ ಎಂದು ವಿವರಿಸುವುದು ಕತ್ತಿನ ಬಿಗಿತವನ್ನು. ಅದನ್ನು ಪೂರ್ತಿಯಾಗಿ ಈ ರೋಗಕ್ಕೆ ಸಮೀಕರಿಸಲಾಗದು.

ರೋಗವನ್ನು ಗುರುತಿಸುವುದು ಕಣ್ಣಿನಿಂದ, ಕೈಯಿಂದ, ಮತ್ತು ರೋಗಿಯ ಮಾತನ್ನು ಕೇಳುವುದರಿಂದ. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಾಗಲಿ ಇಲ್ಲ. ನಡುವಯಸ್ಸಿನ ಸಾಮಾನ್ಯ ರೋಗಿಯಲ್ಲಿ ಎಂಆರ್‌ಐ ಸಹಜವಾಗಿಯೇ ಬರುತ್ತದೆ, ಅದರರ್ಥ ರೋಗವಿಲ್ಲವೆಂದಲ್ಲ. ಇನ್ನೊಂದು ಅಪಾಯವೂ ಇದೆ: ಆ ವಯಸ್ಸಿನ ಬಹುತೇಕರ ಕತ್ತಿನ ಎಕ್ಸ್‌ರೇಯಲ್ಲಿ ಸವೆತ ಕಾಣುವುದರಿಂದ ಎಲ್ಲವನ್ನೂ ಸ್ಪಾಂಡಿಲೋಸಿಸ್ ತಲೆಗೆ ಕಟ್ಟಿ ಕಾಲರ್ ಹಾಕಿ ಕಳುಹಿಸಲಾಗುತ್ತದೆ. ಪರೀಕ್ಷಿಸುವ ವೈದ್ಯರು ರೋಗಿಗೆ ಕಣ್ಣು ಮುಚ್ಚಿ ತಲೆಯನ್ನು ಅದರ ಪಾಡಿಗೆ ಬಿಡಲು ಹೇಳುತ್ತಾರೆ. ತಿದ್ದಿಕೊಳ್ಳುವ ಯತ್ನ ನಿಂತಾಗ ಎಳೆತದ ನಿಜವಾದ ದಿಕ್ಕು ಬಯಲಾಗುತ್ತದೆ. ನಡೆಸಿ, ಬರೆಯಿಸಿ, ಮಾತನಾಡಿಸಿ ನೋಡುತ್ತಾರೆ. ತೀವ್ರತೆಯನ್ನು ಅಳೆಯಲು ಟೊರಾಂಟೊ ವೆಸ್ಟರ್ನ್ ಮಾಪಕ ಬಳಕೆಯಲ್ಲಿದೆ: ಭಂಗಿಗೆ 35, ದಿನನಿತ್ಯದ ಅಡಚಣೆಗೆ 30, ನೋವಿಗೆ 20, ಹೀಗೆ ಒಟ್ಟು 85 ಅಂಕ. ಅಡಚಣೆಗೂ ನೋವಿಗೂ ಸೇರಿ ಭಂಗಿಗಿಂತ ಹೆಚ್ಚು ಅಂಕ ಇಟ್ಟಿರುವುದು ಈ ಮಾಪಕದ ವಿವೇಕ.

ಹತ್ತರಲ್ಲಿ ಒಬ್ಬಿಬ್ಬರಿಗೆ ಮೊದಲ ಕೆಲವು ವರ್ಷಗಳಲ್ಲಿ ರೋಗ ತಾನಾಗಿ ಬಿಟ್ಟುಹೋಗುತ್ತದೆ. ಅವರಲ್ಲಿ ಅನೇಕರಿಗೆ ಅದು ಮತ್ತೆ ಮರಳುತ್ತದೆ. ಕೆಲವರಲ್ಲಿ ಮುಖ, ದವಡೆ, ತೋಳುಗಳಿಗೆ ಹಬ್ಬುವುದುಂಟು. ವಯಸ್ಕರಲ್ಲಿ ಮೈಯೆಲ್ಲ ಆವರಿಸುವುದು ವಿರಳ. ಇದು ಜೀವ ತೆಗೆಯುವ ರೋಗವಲ್ಲ, ಬುದ್ಧಿಯನ್ನು ಮಂಕು ಮಾಡುವುದೂ ಅಲ್ಲ. ಚಿಕಿತ್ಸೆಯಿಲ್ಲದೆ ಬಹುಕಾಲ ಕಳೆದರೆ ಸ್ನಾಯುಗಳು ಗಿಡ್ಡವಾಗಿ ಕತ್ತು ಅದೇ ಭಂಗಿಯಲ್ಲಿ ಗಟ್ಟಿಯಾಗುವುದು, ಕಶೇರುಗಳು ಬೇಗ ಸವೆದು ನರಗಳ ಮೇಲೆ ಒತ್ತಡ ಬೀಳುವುದು ಸಾಧ್ಯ.

ಚಿಕಿತ್ಸೆಯ ಚಿತ್ರವನ್ನೇ ಬದಲಿಸಿದ್ದು ಒಂದು ಘೋರ ವಿಷ. ಜರ್ಮನಿಯ ವ್ಯೂರ್ಟೆಂಬರ್ಗಿನ ವೈದ್ಯ, ಕವಿ ಯುಸ್ಟೀನಸ್ ಕೆರ್ನರ್ ಕೆಟ್ಟ ಸಾಸೇಜು ತಿಂದು ಸತ್ತವರನ್ನು ಅಭ್ಯಸಿಸಿ 1820ರ ಸುಮಾರಿಗೆ ಈ ವಿಷದ ಲಕ್ಷಣಗಳನ್ನು ವಿವರಿಸಿದ. ಅಲ್ಪ ಪ್ರಮಾಣದಲ್ಲಿ ಇದು ಅತಿ ಚಟುವಟಿಕೆಯ ನರರೋಗಗಳಿಗೆ ಮದ್ದಾಗಬಹುದೆಂದು ಅವನು ಅಂದೇ ಊಹಿಸಿದ್ದ. 1895ರಲ್ಲಿ ಬೆಲ್ಜಿಯಮ್ಮಿನ ಎಲೆಜೆಲ್ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಂದ ವಾದ್ಯಗಾರರು ಕೆಟ್ಟ ಹಂದಿಮಾಂಸ ತಿಂದು ಕಾಯಿಲೆ ಬಿದ್ದು, ಮೂವರು ಸತ್ತಾಗ ಎಮಿಲ್ ವಾನ್ ಎರ್ಮೆಂಗೆಮ್ ಆ ಮಾಂಸದಲ್ಲಿ ವಿಷದ ಮೂಲವಾದ ಬ್ಯಾಕ್ಟೀರಿಯವನ್ನು ಕಂಡುಹಿಡಿದ. ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬುದು ಅದರ ಈಗಿನ ಹೆಸರು. ಸ್ಯಾನ್ ಫ್ರಾನ್ಸಿಸ್ಕೊದ ನೇತ್ರವೈದ್ಯ ಅಲನ್ ಸ್ಕಾಟ್, ಎಡ್ವರ್ಡ್ ಶಾಂಟ್ಜ್ ಶುದ್ಧೀಕರಿಸಿಕೊಟ್ಟ ವಿಷವನ್ನು ಮೆಳ್ಳೆಗಣ್ಣಿಗೆ ಚುಚ್ಚಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆನಡದ ವ್ಯಾಂಕೂವರಿನ ಜೋಸೆಫ್ ತ್ಸುಯಿ ಮತ್ತು ಸಂಗಡಿಗರು 1986ರಲ್ಲಿ ಕುತ್ತಿಗೆಯ ಡಿಸ್ಟೋನಿಯಕ್ಕೆ ಇದರ ಪ್ರಯೋಜನವನ್ನು ನಿಯಂತ್ರಿತ ಪ್ರಯೋಗದಲ್ಲಿ ತೋರಿಸಿದರು. ಅಮೆರಿಕದಲ್ಲಿ ಈ ರೋಗಕ್ಕೆ ಅಧಿಕೃತ ಅನುಮತಿ ಸಿಕ್ಕಿದ್ದು 2000ದಲ್ಲಿ.

ಬೊಟುಲಿನಮ್ ಟಾಕ್ಸಿನ್‌ನ ಎ ಬಗೆ ನರದ ತುದಿಯೊಳಕ್ಕೆ ಸೇರಿ ಸ್ನ್ಯಾಪ್-25 ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ಆಗ ಸ್ನಾಯುವಿಗೆ ಆಜ್ಞೆ ಮುಟ್ಟಿಸುವ ಅಸಿಟೈಲ್‌ಕೊಲೀನ್ ಹೊರಬರಲಾಗದೆ ಸ್ನಾಯು ಸಡಿಲವಾಗುತ್ತದೆ. ಚುಚ್ಚಿದ ಸ್ನಾಯುವಿನಲ್ಲಿ ಮಾತ್ರ ಈ ಕೆಲಸ ನಡೆಯುವುದೇ ಅದರ ಹೆಚ್ಚುಗಾರಿಕೆ. ಗುಣ ಕಾಣತೊಡಗಲು ಒಂದು ವಾರದಷ್ಟು ಬೇಕು. ಎರಡರಿಂದ ಆರು ವಾರಗಳ ನಡುವೆ ಗರಿಷ್ಠ ಮುಟ್ಟಿ, ಸುಮಾರು ಮೂರು ತಿಂಗಳಿಗೆ ನರದ ತುದಿ ಚೇತರಿಸಿಕೊಂಡಂತೆ ಇಳಿಯುತ್ತದೆ. ಹೀಗಾಗಿ ಚುಚ್ಚುಮದ್ದನ್ನು ವರ್ಷಕ್ಕೆ ಮೂರು ನಾಲ್ಕು ಸಲ ಪುನರಾವರ್ತಿಸಬೇಕು. ಬಹುಪಾಲು ರೋಗಿಗಳಿಗೆ ಭಂಗಿ ಸುಧಾರಿಸುತ್ತದೆ, ನೋವಂತೂ ಹಲವರಿಗೆ ಅದಕ್ಕಿಂತ ಚೆನ್ನಾಗಿ ಇಳಿಯುತ್ತದೆ. ಫಲ ನಿಂತಿರುವುದು ಸರಿಯಾದ ಸ್ನಾಯುವಿನ ಆಯ್ಕೆಯ ಮೇಲೆ. ಆಳದ ಸ್ನಾಯುಗಳನ್ನು ಮುಟ್ಟಲು ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ ಅಥವಾ ಅಲ್ಟ್ರಾಸೌಂಡ್ ನೆರವು ಪಡೆಯುತ್ತಾರೆ. ಮೊದಲ ಸಲ ನಿರೀಕ್ಷಿಸಿದಷ್ಟು ಗುಣ ಕಾಣದಿದ್ದರೆ ಮದ್ದು ಕೆಲಸಕ್ಕೆ ಬಾರದೆಂದು ಕೈಬಿಡುವುದು ತಪ್ಪು. ಎರಡು ಮೂರು ಸುತ್ತಿನಲ್ಲಿ ಸ್ನಾಯು ಮತ್ತು ಪ್ರಮಾಣ ಹದಕ್ಕೆ ಬರುತ್ತವೆ. ಒಂದು ಬ್ರಾಂಡಿನ ಯೂನಿಟ್ ಇನ್ನೊಂದರ ಯೂನಿಟ್ಟಿಗೆ ಸಮವಲ್ಲ. ಡಿಸ್ಪೋರ್ಟ್‌ನಲ್ಲಿ 500 ಯೂನಿಟ್ಟಿನಿಂದ ಆರಂಭಿಸುವಲ್ಲಿ ಜಿಯೋಮಿನ್‌ನಲ್ಲಿ 120ರಿಂದ ಆರಂಭಿಸುತ್ತಾರೆ. ಆದ್ದರಿಂದ ಹಿಂದಿನ ಸಲ ಕೊಟ್ಟ ಮದ್ದಿನ ಹೆಸರು, ಪ್ರಮಾಣ, ಸ್ನಾಯುಗಳ ವಿವರವಿರುವ ಚೀಟಿಯನ್ನು ರೋಗಿ ಜೋಪಾನ ಮಾಡಬೇಕು.

ನುಂಗಲು ಕಷ್ಟವಾಗುವುದು, ಕತ್ತು ದುರ್ಬಲವಾಗಿ ತಲೆ ವಾಲುವುದು, ಬಾಯಿ ಒಣಗುವುದು ಇದರ ಅಡ್ಡಪರಿಣಾಮಗಳು; ಕೆಲವು ವಾರಗಳಲ್ಲಿ ಇವು ಕಳೆಯುತ್ತವೆ. ಆದರೆ ನೀರು ಕುಡಿಯಲೂ ಆಗದಂತಾದರೆ, ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಯಸ್ತೇನಿಯ ಗ್ರೇವಿಸ್‌ನಂಥ ಸ್ನಾಯುದೌರ್ಬಲ್ಯದ ರೋಗವಿರುವವರಿಗೆ ಇದು ಅಪಾಯಕಾರಿ. ಪದೇ ಪದೇ, ಕಡಿಮೆ ಅಂತರದಲ್ಲಿ ಕೊಟ್ಟರೆ ದೇಹ ಪ್ರತಿಕಾಯಗಳನ್ನು ಬೆಳೆಸಿಕೊಂಡು ಮದ್ದು ನಾಟದಂತಾಗಬಹುದು. 12 ವಾರಗಳ ಅಂತರ ಕಾಯ್ದುಕೊಳ್ಳುವುದು ಇದಕ್ಕೇ. ಎ ಬಗೆ ನಾಟದವರಿಗೆ ಬಿ ಬಗೆಯ ಟಾಕ್ಸಿನ್ ಉಂಟು, ಎಲ್ಲ ದೇಶಗಳಲ್ಲೂ ಅದು ಸಿಗದು. ಭಾರತದಲ್ಲಿ ದೊಡ್ಡ ಅಡ್ಡಿ ಬೆಲೆ. ಜೀವನಪರ್ಯಂತ ಮೂರು ತಿಂಗಳಿಗೊಮ್ಮೆ ಬೇಕಾಗುವ ದುಬಾರಿ ಮದ್ದನ್ನು ಎಷ್ಟೋ ಕುಟುಂಬಗಳು ಕೈಯಲ್ಲಿ ಹಣವಿದ್ದಾಗ ಮಾತ್ರ ಕೊಡಿಸುತ್ತವೆ, ನಡುವಿನ ತಿಂಗಳುಗಳನ್ನು ರೋಗಿ ನೋವಿನಲ್ಲಿ ಕಳೆಯುತ್ತಾರೆ.

ಬಾಯಿಯ ಮೂಲಕ ಕೊಡುವ ಔಷಧಿಗಳ ಪಾತ್ರ ಚಿಕ್ಕದು. ಟ್ರೈಹೆಕ್ಸಿಫೆನಿಡಿಲ್ ಚಿಕ್ಕ ವಯಸ್ಸಿನವರಿಗೆ ಉಪಕಾರಿ. ವಯಸ್ಸಾದವರಲ್ಲಿ ಮರೆವು, ಗೊಂದಲ, ಮೂತ್ರ ಕಟ್ಟುವಿಕೆ ತರುತ್ತದೆ. ಕ್ಲೊನಜೆಪಮ್, ಬ್ಯಾಕ್ಲೋಫೆನ್ ತುಸು ಸಡಿಲಿಸುತ್ತವೆ, ಜೊತೆಗೆ ತೂಕಡಿಕೆಯನ್ನೂ ತರುತ್ತವೆ. ಟಾರ್ಡಿವ್ ಬಗೆಗೆ ಟೆಟ್ರಾಬೆನಜಿನ್ ಬಳಸುತ್ತಾರೆ.

ಶಸ್ತ್ರಚಿಕಿತ್ಸೆಗೆ ಟಾಕ್ಸಿನ್‌ಗಿಂತ ಹಳೆಯ ಇತಿಹಾಸವಿದೆ. ಟೊರಾಂಟೊದ ಕೆನೆತ್ ಮೆಕೆಂಜಿ 1924ರಲ್ಲಿ ಬೆನ್ನುಹುರಿಯ ಬಳಿಯೇ ಕತ್ತಿನ ನರಬೇರುಗಳನ್ನು ಕತ್ತರಿಸುವ ವಿಧಾನವನ್ನು ವಿವರಿಸಿದರು. ಎಳೆತದ ಜೊತೆಗೆ ಕತ್ತಿನ ಬಲವೂ ಹೋಗುತ್ತಿದ್ದ ಆ ದಾರಿಯನ್ನು ಕೈಬಿಟ್ಟು, ಮಾಂಟ್ರಿಯಲ್ಲಿನ ಕ್ಲಾಡ್ ಬರ್ಟ್ರಾಂಡ್ ರೋಗಪೀಡಿತ ಸ್ನಾಯುಗಳ ನರಗಳನ್ನಷ್ಟೇ ಆಯ್ದು ಕತ್ತರಿಸುವ ಕ್ರಮವನ್ನು ರೂಪಿಸಿದರು. ಈಗ ಮುಂಚೂಣಿಯಲ್ಲಿರುವುದು ಮಿದುಳಿನ ಆಳದ ಗ್ಲೋಬಸ್ ಪ್ಯಾಲಿಡಸ್ ಭಾಗದಲ್ಲಿ ಎರಡೂ ಕಡೆ ತಂತಿಗಳನ್ನಿಟ್ಟು, ಎದೆಯ ಚರ್ಮದಡಿಯ ಪುಟ್ಟ ಯಂತ್ರದಿಂದ ವಿದ್ಯುತ್ ಮಿಡಿತ ಕಳುಹಿಸುವ ಡೀಪ್ ಬ್ರೇನ್ ಸ್ಟಿಮ್ಯುಲೇಶನ್. ಕುತ್ತಿಗೆಯ ಡಿಸ್ಟೋನಿಯಕ್ಕೆ ಇದರ ಬಳಕೆ 1999ರಲ್ಲಿ ವರದಿಯಾಯಿತು. 62 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ತಿಂಗಳ ಕೊನೆಗೆ ತೀವ್ರತೆ ಶೇ. 26ರಷ್ಟು ಇಳಿಯಿತು, ಯಂತ್ರವಿಟ್ಟೂ ಮಿಡಿತ ಕೊಡದವರಲ್ಲಿ ಇಳಿದದ್ದು ಶೇ. 6. ಫಲ ಕಾಣಲು ತಾಳ್ಮೆ ಬೇಕು: ಕುಲುಕಾಟ ದಿನಗಳಲ್ಲಿ ತಗ್ಗಿದರೂ ಬಿಗಿದ ಭಂಗಿ ಸಡಿಲಲು ತಿಂಗಳುಗಳು ಹಿಡಿಯುತ್ತವೆ. ಟಾಕ್ಸಿನ್ ನಾಟದವರಿಗೆ, ಎಳೆತ ತೀವ್ರವಾಗಿರುವವರಿಗೆ ಇದನ್ನು ಪರಿಗಣಿಸುತ್ತಾರೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ 2017ರಲ್ಲಿ ಬೆರಳುಗಳ ಡಿಸ್ಟೋನಿಯವಿದ್ದ ಗಿಟಾರ್ ವಾದಕರೊಬ್ಬರು ಎಚ್ಚರವಿದ್ದು ಗಿಟಾರ್ ನುಡಿಸುತ್ತಿರುವಾಗಲೇ ಮಿದುಳಿನೊಳಗಿನ ಬಿಂದುವನ್ನು ಸುಟ್ಟು ಗುಣಪಡಿಸಿದ ಸುದ್ದಿ ಎಲ್ಲೆಡೆ ಹರಡಿತ್ತು. ಅದು ಇದೇ ರೋಗಕುಲದ ಮತ್ತೊಂದು ಕವಲಿಗೆ ನೀಡಿದ ಚಿಕಿತ್ಸೆ.

ಫಿಸಿಯೋಥೆರಪಿ ಟಾಕ್ಸಿನ್ ಜೊತೆಗೆ ನಡೆದಾಗ ಹೆಚ್ಚು ಫಲ ಕೊಡುತ್ತದೆ. ಎಳೆಯುವ ಸ್ನಾಯುವನ್ನು ಹಿಗ್ಗಿಸಿ, ಅದರ ಎದುರು ಸ್ನಾಯುವನ್ನು ಬಲಪಡಿಸಿ, ಕನ್ನಡಿಯ ಮುಂದೆ ನಡುಗೆರೆಯನ್ನು ಮತ್ತೆ ಕಲಿಸುವುದು ಅದರ ಕ್ರಮ. ಬಿಗಿಯಾದ ಕಾಲರಿನಿಂದ ತಲೆಯನ್ನು ಒತ್ತಾಯವಾಗಿ ನೇರ ನಿಲ್ಲಿಸಿದರೆ ನೋವು ಹೆಚ್ಚುತ್ತದೆ. ಕ್ಷೌರದಂಗಡಿಯಲ್ಲೋ ನಾಟಿ ಮಾಲೀಸಿನವರಲ್ಲೋ ಕತ್ತಿನ ನೆಟಿಕೆ ತೆಗೆಸುವುದು ಯಾರಿಗೂ ಒಳ್ಳೆಯದಲ್ಲ, ಈ ರೋಗಿಗಳಿಗಂತೂ ಸಲ್ಲದು. ಹಠಾತ್ ತಿರುಚಿನಿಂದ ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ಬಂದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿವೆ.

ಕುತ್ತಿಗೆಯ ಡಿಸ್ಟೋನಿಯವುಳ್ಳವರಲ್ಲಿ ಖಿನ್ನತೆ, ಆತಂಕಗಳು ಸಾಮಾನ್ಯರಿಗಿಂತ ಹೆಚ್ಚು. ಜನರ ನೋಟಕ್ಕೆ ಅಂಜಿ ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಡುವುದು ಇದಕ್ಕೆ ಒಂದು ಕಾರಣವಾದರೂ, ಮನಸ್ಸಿನ ಬೇಗುದಿ ಎಳೆತದ ತೀವ್ರತೆಗೆ ಅನುಗುಣವಾಗಿಯೇ ಇರುವುದಿಲ್ಲ. ಅದೇ ಮಿದುಳಿನ ಜಾಲದ ಏರುಪೇರು ಇದಕ್ಕೂ ಕಾರಣವಿರಬೇಕೆಂದು ತಿಳಿಯಲಾಗಿದೆ. ಬದುಕಿನ ಗುಣಮಟ್ಟವನ್ನು ಕುಗ್ಗಿಸುವುದರಲ್ಲಿ ಖಿನ್ನತೆಯ ಪಾಲು ಕತ್ತಿನ ಕೋನಕ್ಕಿಂತ ಕಡಿಮೆಯಲ್ಲ, ಆದ್ದರಿಂದ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಇದು ರೋಗವನ್ನು ಮತ್ತೆ ಮಾನಸಿಕವೆಂದು ಕರೆದಂತಲ್ಲ. ಒಂದು ಕಡೆಗೆ ತಲೆ ತಿರುಗಿಸಲಾಗದವರಿಗೆ ವಾಹನ ಓಡಿಸುವುದು, ಯಂತ್ರದ ಮುಂದೆ ನಿಲ್ಲುವುದು, ಕಂಪ್ಯೂಟರ್ ಪರದೆ ನೋಡುತ್ತ ಕೂರುವುದು ಕಷ್ಟ. ಪರದೆಯನ್ನು ತಲೆ ತಿರುಗುವ ಕಡೆಗೇ ಇಡುವುದು, ಎತ್ತರದ ಬೆನ್ನಿನ ಕುರ್ಚಿ ಕೊಡುವುದು, ನಡುನಡುವೆ ಮಲಗಲು ಬಿಡುವು ಕೊಡುವುದು ಮುಂತಾದ ಚಿಕ್ಕ ಏರ್ಪಾಡುಗಳಿಂದ ಹಲವರು ಉದ್ಯೋಗದಲ್ಲಿ ಮುಂದುವರಿದಿದ್ದಾರೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ದೀರ್ಘಕಾಲೀನ ನರರೋಗಗಳನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿ, ಮಲ್ಟಿಪಲ್ ಸ್ಕ್ಲೀರೋಸಿಸ್ ಮತ್ತು ಪಾರ್ಕಿನ್ಸನ್ ಕಾಯಿಲೆಗಳನ್ನು ಉದಾಹರಣೆಯಾಗಿ ಹೆಸರಿಸಿದೆ. ಡಿಸ್ಟೋನಿಯದ ಹೆಸರು ಅಲ್ಲಿ ಪ್ರತ್ಯೇಕವಾಗಿ ಇಲ್ಲ.